ಒಮಾನ್‌ನ ಟ್ಯಾಕ್ಸ್‌ಗೆ ಹೆದರುವ ಮೊದಲು ಊರಿನ ಲೆಕ್ಕ ನೋಡಿ

ಒಮಾನ್‌ನಲ್ಲಿ ಇನ್‌ಕಮ್ ಟ್ಯಾಕ್ಸ್ ಬರುತ್ತದೆ ಎಂಬ ಸುದ್ದಿ ಹೊರಬಿದ್ದದ್ದು 2025ರ ಜೂನ್‌ನಲ್ಲಿ. ಅದರ ಬೆನ್ನಿಗೇ ಅಮೆರಿಕದಿಂದ ಊರಿಗೆ ಹಣ ಕಳಿಸಿದರೂ ತೆರಿಗೆ ಎಂಬ ಸುದ್ದಿ ಬಂತು. ಆಮೇಲೆ ನಮ್ಮಲ್ಲೂ 1961ರ ಆದಾಯ ತೆರಿಗೆ ಕಾಯ್ದೆ ಹೋಗಿ, 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಜಾರಿಗೆ ಬಂತು. ಮೂರಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಆದರೆ ವಾಟ್ಸ್ಆ್ಯಪ್‌ನಲ್ಲಿ ಮೂರೂ ಸೇರಿ ಒಂದೇ ಮಾತಾಯಿತು: "ಇನ್ನು ಗಲ್ಫ್‌ನವರಿಗೂ ಟ್ಯಾಕ್ಸ್ ಉಂಟಂತೆ."

ಕಾಸರಗೋಡಿನ ಉಪ್ಪಳ, ಕುಂಬಳೆ, ಬದಿಯಡ್ಕ ಕಡೆ ಮನೆಯಲ್ಲಿ ಒಬ್ಬರಾದರೂ ಕಡಲಾಚೆ ದುಡಿಯುವವರಿದ್ದರೆ ಈ ಮಾತು ಸುಮ್ನೆ ಬಿಡುವಂಥದ್ದಲ್ಲ. ಆದರೆ ಭಯ ಇರಬೇಕಾದ ಜಾಗ ಬೇರೆ, ಜನ ಹೆದರುತ್ತಿರುವ ಜಾಗ ಬೇರೆ. ದುಬೈ, ಮಸ್ಕತ್, ರಿಯಾದ್‌ನಲ್ಲಿ ದುಡಿಯುವ ಸಾಮಾನ್ಯ ನೌಕರನಿಗೆ ಸಂಬಳದ ಮೇಲಿನ ತೆರಿಗೆ ಸದ್ಯಕ್ಕೆ ದೂರದ ಮಾತು. ಅವನ ಹಣ ಈಗಾಗಲೇ ಸೋರುವುದು ಬೇರೆ ಎರಡು ಕಡೆ. ಒಂದು, ಅಲ್ಲಿನ ದಿನನಿತ್ಯದ ಬಿಲ್ಲುಗಳಲ್ಲಿ. ಇನ್ನೊಂದು, ಊರಿನಲ್ಲಿ ಬಿಟ್ಟುಹೋದ ಮನೆ, ಬಾಡಿಗೆ, ಬ್ಯಾಂಕ್ ಖಾತೆಗಳಲ್ಲಿ.

ಒಮಾನ್ ಸುದ್ದಿಯಲ್ಲಿ ನಿಜ ಎಷ್ಟು?

ಸುದ್ದಿ ಸುಳ್ಳಲ್ಲ. ವ್ಯಕ್ತಿಯ ಆದಾಯಕ್ಕೆ ತೆರಿಗೆ ಹಾಕುವ ಕಾನೂನು ತಂದ ಮೊದಲ ಕೊಲ್ಲಿ ದೇಶ ಒಮಾನ್. ಜಾರಿಯಾಗುವುದು 2028ರ ಜನವರಿಯಿಂದ. ದರ 5 ಶೇಕಡಾ. ಆದರೆ ಅದು ಅನ್ವಯಿಸುವುದು ವರ್ಷಕ್ಕೆ 42,000 ರಿಯಾಲ್ ದಾಟಿದ ಆದಾಯಕ್ಕೆ. ಅಂದರೆ ತಿಂಗಳಿಗೆ 3,500 ರಿಯಾಲ್. ನಮ್ಮ ಲೆಕ್ಕದಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ ಒಂದು ಕೋಟಿ ರೂಪಾಯಿ. ವರ್ಷಕ್ಕೆ 50,000 ರಿಯಾಲ್ ಇರುವವರೂ ಮಿತಿ ದಾಟಿದ 8,000 ರಿಯಾಲ್‌ಗೆ ಮಾತ್ರ ತೆರಿಗೆ ಕೊಡಬೇಕು, ಅದು 400 ರಿಯಾಲ್. ಅಲ್ಲಿನ ಜನರಲ್ಲಿ ಸುಮಾರು 99 ಶೇಕಡಾ ಮಂದಿಗೆ ಇದು ತಟ್ಟುವುದಿಲ್ಲ ಎಂದು ಒಮಾನ್ ಸರಕಾರವೇ ಹೇಳಿದೆ. ಸೂಪರ್ ಮಾರ್ಕೆಟ್‌ನಲ್ಲಿ, ಗ್ಯಾರೇಜಿನಲ್ಲಿ, ಹೋಟೆಲಿನಲ್ಲಿ ದುಡಿಯುವವರು ಈ ಲೆಕ್ಕದೊಳಗೆ ಬರುವುದೇ ಇಲ್ಲ.

ಅಮೆರಿಕದ ತೆರಿಗೆಯೂ ಹಾಗೆಯೇ. ಮೊದಲು 5 ಶೇಕಡಾ ಎಂದಿದ್ದು, ಕೊನೆಗೆ 1 ಶೇಕಡಾಕ್ಕೆ ಇಳಿಯಿತು. 2026ರ ಜನವರಿಯಿಂದ ಜಾರಿಯಲ್ಲಿದೆ. ನಗದು, ಮನಿ ಆರ್ಡರ್ ಮುಂತಾದವುಗಳ ಮೂಲಕ ಕಳಿಸಿದರೆ ಮಾತ್ರ ತೆರಿಗೆ. ಬ್ಯಾಂಕ್ ಖಾತೆಯಿಂದ ಕಳಿಸಿದರೆ ಇಲ್ಲ. ಇದಕ್ಕೂ ಗಲ್ಫ್‌ಗೂ ಸಂಬಂಧವೇ ಇಲ್ಲ. ಕುವೈತ್‌ನಲ್ಲಿ ಇಂಥದ್ದೊಂದು ಪ್ರಸ್ತಾಪ ಹಿಂದೆ ಹಲವು ಸಲ ಬಂದಿತ್ತು, ಆದರೆ ಕಾನೂನಾಗಲಿಲ್ಲ.

ಹಾಗಾದರೆ ಜನರ ಅನುಮಾನ ಬರೀ ಗಾಳಿಸುದ್ದಿಯೇ?

ಹಾಗೆ ಹೇಳಿ ಕೈತೊಳೆದುಕೊಳ್ಳುವಂತಿಲ್ಲ. "ಇವತ್ತು ದೊಡ್ಡ ಸಂಬಳದವರಿಗೆ, ನಾಳೆ ನಮಗೆ" ಎನ್ನುವವರ ಬಳಿ ಕಾರಣ ಇದೆ. 2014ರಲ್ಲಿ ಕಚ್ಚಾ ತೈಲದ ಬೆಲೆ ಬಿದ್ದಾಗ ಕೊಲ್ಲಿ ದೇಶಗಳ ಖಜಾನೆ ಅಲುಗಾಡಿತು. ತೈಲದ ಹಣವನ್ನೇ ನಂಬಿ ಕೂರಬಾರದು ಎಂದು ಎಲ್ಲರೂ ಸೇರಿ ವ್ಯಾಟ್, ಅಂದರೆ ಸಾಮಾನು-ಸೇವೆಗಳ ಬೆಲೆಯ ಮೇಲಿನ ತೆರಿಗೆ, ತರಲು ಒಪ್ಪಿದರು. ಯುಎಇ ಮತ್ತು ಸೌದಿ 2018ರ ಜನವರಿ 1ರಿಂದ 5 ಶೇಕಡಾ ಹಾಕಿದವು. ಎರಡೂವರೆ ವರ್ಷ ಆಗುವಷ್ಟರಲ್ಲಿ, ಕೋವಿಡ್ ಕಾಲದಲ್ಲಿ ತೈಲ ಬೆಲೆ ಮತ್ತೆ ಕುಸಿದಾಗ, ಸೌದಿ ಅದನ್ನು 15ಕ್ಕೆ ಏರಿಸಿತು. 2020ರ ಜುಲೈ 1ರಿಂದ ಅಲ್ಲಿ ಅದೇ ದರ. ಬಹರೈನ್ 2019ರಲ್ಲಿ 5 ಎಂದು ಶುರುಮಾಡಿ 2022ಕ್ಕೆ 10 ಮಾಡಿತು. ಒಮಾನ್ 2021ರ ಏಪ್ರಿಲ್‌ನಲ್ಲಿ 5 ಹಾಕಿತು. ಕತಾರ್ ಮತ್ತು ಕುವೈತ್ ಇನ್ನೂ ವ್ಯಾಟ್ ಹಾಕಿಲ್ಲ.

ಇನ್ನೊಂದು ಕಡೆಯ ವಾದವೂ ಇದೆ. ಯುಎಇ ಎಂಟು ವರ್ಷದಿಂದ 5 ಶೇಕಡಾದಲ್ಲೇ ನಿಂತಿದೆ. 2023ರಲ್ಲಿ ಕಂಪೆನಿಗಳ ಲಾಭಕ್ಕೆ 9 ಶೇಕಡಾ ತೆರಿಗೆ ತಂದರೂ ಸಂಬಳವನ್ನು ಮುಟ್ಟಲಿಲ್ಲ. ಈ ದೇಶಗಳಿಗೆ ಹೊರಗಿನ ಕೆಲಸಗಾರರು ಬೇಕೇ ಬೇಕು. ಸಂಬಳಕ್ಕೆ ಕೈ ಹಾಕಿದರೆ ಒಳ್ಳೆಯವರು ಪಕ್ಕದ ದೇಶಕ್ಕೆ ಹೋಗುತ್ತಾರೆ ಎಂಬ ಭಯ ಸರಕಾರಗಳಿಗೂ ಇದೆ. ನನಗನ್ನಿಸುವಂತೆ ಕಣ್ಣಿಡಬೇಕಾದದ್ದು ಸಂಬಳದ ತೆರಿಗೆ ಮೇಲಲ್ಲ. ವ್ಯಾಟ್ ಮತ್ತು ಶುಲ್ಕಗಳ ಮೇಲೆ. ಏರಿಸುವುದು ಸುಲಭ ಅವುಗಳನ್ನೇ.

ಬಿಲ್ಲಿನ ಕೊನೆಯ ಸಾಲು

ಕಾಸರಗೋಡಿನವರಿಗೆ ಈ ವಿಷಯ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮಂಗಳೂರಿಗೆ ಹೋಗುವಾಗ ಕರ್ನಾಟಕ ಗಡಿಯ ತಲಪಾಡಿ ದಾಟಿದ ಮೇಲೇ ಪೆಟ್ರೋಲ್ ಹಾಕಿಸುವವರು ನಾವು. ಅದೇ ಪೆಟ್ರೋಲ್. ಬೆಲೆ ಬೇರೆ ಆಗುವುದು ಎರಡು ರಾಜ್ಯಗಳ ತೆರಿಗೆಯಿಂದ. ಕೇರಳ 2023ರ ಏಪ್ರಿಲ್‌ನಿಂದ ಲೀಟರಿಗೆ 2 ರೂಪಾಯಿ ಸೆಸ್ಸನ್ನೂ ಸೇರಿಸಿದೆ. ಅದು ಎದುರಿಗೆ ಕಾಣುವುದಿಲ್ಲ, ಬೆಲೆಯ ಒಳಗೆ ಕೂತಿರುತ್ತದೆ. ವ್ಯಾಟ್ ಕೂಡ ಹಾಗೆಯೇ.

ಯುಎಇಯ ಅಂಗಡಿಯಲ್ಲಿ ಸಾಮಾನಿನ ಮೇಲೆ ಬರೆದ ಬೆಲೆಯಲ್ಲೇ ವ್ಯಾಟ್ ಸೇರಿರುತ್ತದೆ. ಬಿಲ್ ತೆಗೆದು ನೋಡಿದರೆ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅದರ ಲೆಕ್ಕ ಸಿಗುತ್ತದೆ. ಬೆಡ್ ಸ್ಪೇಸ್‌ನಲ್ಲಿ, ಅಂದರೆ ಹಲವರಿರುವ ಕೋಣೆಯಲ್ಲಿ ಒಂದು ಮಂಚ ಬಾಡಿಗೆಗೆ ಹಿಡಿದು, ಇರುವ ಒಬ್ಬ ತಿಂಗಳಿಗೆ ಅಕ್ಕಿ, ಮೀನು, ಸೋಪು, ಮೊಬೈಲ್ ರೀಚಾರ್ಜ್ ಎಂದು 900 ದಿರ್ಹಮ್ ಖರ್ಚು ಮಾಡುತ್ತಾನೆ ಎಂದಿಟ್ಟುಕೊಳ್ಳಿ. ಅದರಲ್ಲಿ ಸುಮಾರು 43 ದಿರ್ಹಮ್ ತೆರಿಗೆ. ಸೌದಿಯಲ್ಲಿ 900 ರಿಯಾಲ್‌ಗೆ ಹೀಗೇ ಸಾಮಾನು ತಂದರೆ ತೆರಿಗೆ ಸುಮಾರು 117 ರಿಯಾಲ್. ವರ್ಷಕ್ಕೆ 1,400 ರಿಯಾಲ್ ಆಯಿತು. ಸಂಬಳ ಕಡಿಮೆ ಇರುವವನು ಅದರ ಹೆಚ್ಚು ಪಾಲನ್ನು ಊಟ, ಸಾಮಾನಿಗೇ ಹಾಕುತ್ತಾನೆ. ಹಾಗಾಗಿ ಈ ತೆರಿಗೆ ಜಾಸ್ತಿ ತಟ್ಟುವುದು ಅವನಿಗೇ.

ಎಲ್ಲದಕ್ಕೂ ವ್ಯಾಟ್ ಇಲ್ಲ. ವಾಸದ ಮನೆ ಬಾಡಿಗೆಗೆ, ಬಸ್ಸು ಮೆಟ್ರೋ ಟಿಕೆಟ್ಟಿಗೆ ಯುಎಇಯಲ್ಲಿ ವ್ಯಾಟ್ ಹಾಕುವುದಿಲ್ಲ. ಒಮಾನ್‌ನಲ್ಲಿ ಹಲವು ಮೂಲ ಆಹಾರ ಸಾಮಾನುಗಳಿಗೆ ವಿನಾಯಿತಿ ಇದೆ, ಯುಎಇಯಲ್ಲಿ ಇಲ್ಲ. ಎಕ್ಸ್‌ಚೇಂಜ್‌ನಲ್ಲಿ ಊರಿಗೆ ಹಣ ಕಳಿಸುವಾಗ ವ್ಯಾಟ್ ಬೀಳುವುದು ಅವರ ಸೇವಾ ಶುಲ್ಕಕ್ಕೆ ಮಾತ್ರ, ಕಳಿಸುವ ಹಣಕ್ಕಲ್ಲ. ಇನ್ನು ಯುಎಇ, ಸೌದಿಯಲ್ಲಿ ಸಿಗರೇಟು ಮತ್ತು ಎನರ್ಜಿ ಡ್ರಿಂಕ್ ಮೇಲೆ 2017ರಿಂದಲೇ 100 ಶೇಕಡಾ ತೆರಿಗೆ ಇದೆ. ಸೇದುವವರಿಗೆ ಇದು ಗೊತ್ತಾಗಿಯೇ ಇರುತ್ತದೆ.

ತೆರಿಗೆ ಎಂದು ಕರೆಯದ ತೆರಿಗೆ

ಕೆಲವು ಹಣ ಶುಲ್ಕ ಎಂಬ ಹೆಸರಲ್ಲಿ ಹೋಗುತ್ತದೆ. ದುಬೈಯಲ್ಲಿ ಮನೆ ಬಾಡಿಗೆಗೆ ಹಿಡಿದರೆ ವರ್ಷದ ಬಾಡಿಗೆಯ 5 ಶೇಕಡಾವನ್ನು ಹೌಸಿಂಗ್ ಫೀ ಎಂದು ಕೊಡಬೇಕು. ಅದು ಕರೆಂಟು-ನೀರಿನ ಬಿಲ್ಲಿನಲ್ಲಿ ತಿಂಗಳು ತಿಂಗಳು ಸೇರಿಕೊಂಡು ಬರುತ್ತದೆ. ಹೊಸದಾಗಿ ಹೋದವರು "ಕರೆಂಟು ಬಿಲ್ ಯಾಕೆ ಇಷ್ಟು?" ಎಂದು ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ವರ್ಷಕ್ಕೆ 60,000 ದಿರ್ಹಮ್ ಬಾಡಿಗೆಯಾದರೆ ತಿಂಗಳಿಗೆ 250 ದಿರ್ಹಮ್.

ಸೌದಿಯದ್ದು ಇನ್ನೂ ಭಾರ. 2017ರ ಜುಲೈಯಿಂದ, ಜೊತೆಗಿರುವ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಶುರುವಾಯಿತು. ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದರೆ ತಿಂಗಳಿಗೆ 1,200, ವರ್ಷಕ್ಕೆ 14,400 ರಿಯಾಲ್. ಇಕಾಮ (ಅಲ್ಲಿನ ವಾಸದ ಪರವಾನಗಿ) ನವೀಕರಿಸುವಾಗ ಇದನ್ನು ಮುಂಗಡವಾಗಿ ಕಟ್ಟಬೇಕು. ಆಮೇಲಿನ ವರ್ಷಗಳಲ್ಲಿ ಅನೇಕರು ಕುಟುಂಬವನ್ನು ಊರಿಗೆ ಕಳಿಸಿ, ತಾವು ಬ್ಯಾಚುಲರ್ ರೂಮಿಗೆ ಹೋದರು. ಕಾನೂನಿನಲ್ಲಿ ಇದು ಆದಾಯ ತೆರಿಗೆ ಅಲ್ಲ. ಜೇಬಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ ಅಲ್ವಾ?

ಆಫರ್ ಲೆಟರ್‌ನಲ್ಲಿ "ಟ್ಯಾಕ್ಸ್ ಫ್ರೀ ಸಂಬಳ" ಎಂದು ಓದಿದಾಗ ಕೇಳಬೇಕಾದದ್ದು ಹೀಗೆ: ವೀಸಾ, ಇಕಾಮ, ವಿಮೆ, ಕುಟುಂಬದ ಶುಲ್ಕ — ಇವುಗಳಲ್ಲಿ ಕಂಪೆನಿ ಕೊಡುವುದು ಯಾವುದು, ನಾನು ಕೊಡುವುದು ಯಾವುದು? ಸಂಬಳದ ಅಂಕಿಗಿಂತ ಇದರ ಉತ್ತರ ಮುಖ್ಯ.

ಗಲ್ಫ್ ಸಂಬಳಕ್ಕೆ ಇಂಡಿಯಾದಲ್ಲಿ ತೆರಿಗೆ ಇದೆಯೇ?

2020ರ ಫೆಬ್ರವರಿಯ ಬಜೆಟ್ ಹೊತ್ತಿನಲ್ಲಿ ಕೇರಳದಲ್ಲಿ ದೊಡ್ಡ ಗದ್ದಲವಾಗಿತ್ತು. ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯನನ್ನು ಇಲ್ಲಿನ ನಿವಾಸಿ ಎಂದೇ ಲೆಕ್ಕ ಹಾಕುವ ಪ್ರಸ್ತಾಪ ಅದರಲ್ಲಿತ್ತು. ಗಲ್ಫ್‌ನವರೆಲ್ಲ ಸಿಕ್ಕಿಬೀಳುತ್ತಾರೆ ಎಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಪ್ರಧಾನಿಗೆ ಪತ್ರ ಬರೆದರು. ಹೊರದೇಶದಲ್ಲಿ ನಿಜವಾಗಿ ದುಡಿಯುವವರನ್ನು ಹಿಡಿಯುವ ಉದ್ದೇಶ ಇಲ್ಲ ಎಂದು ಕೇಂದ್ರ ಬಜೆಟ್‌ನ ಮರುದಿನವೇ ಸ್ಪಷ್ಟಪಡಿಸಿತು. ಕೊನೆಗೆ ಬಂದ ನಿಯಮ ಇಷ್ಟು: ಭಾರತದೊಳಗಿನ ಆದಾಯ 15 ಲಕ್ಷ ದಾಟಿದವರಿಗೆ ಮಾತ್ರ ಇದು ಅನ್ವಯ. ಅವರಿಗೂ ಹೊರದೇಶದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಹೊಸ ಕಾಯ್ದೆಯಲ್ಲೂ ಇದು ಬದಲಾಗಿಲ್ಲ.

ಬಹುತೇಕರಿಗೆ ಮುಖ್ಯವಾದದ್ದು ದಿನಗಳ ಲೆಕ್ಕ. ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ ನೀವು ಭಾರತದಲ್ಲಿ ಇದ್ದದ್ದು 182 ದಿನ ಅಥವಾ ಜಾಸ್ತಿಯಾದರೆ ಆ ವರ್ಷ ನೀವು ಇಲ್ಲಿನ ನಿವಾಸಿ. ಕಡಿಮೆಯಾದರೆ ಅನಿವಾಸಿ, ಅಂದರೆ ಎನ್‌ಆರ್‌ಐ. ಇಲ್ಲಿನ ಆದಾಯ 15 ಲಕ್ಷ ದಾಟಿದವರು ರಜೆಗೆ ಬಂದಾಗ 120 ದಿನದ ಮಿತಿಯನ್ನೂ ನೋಡಿಕೊಳ್ಳಬೇಕು.

ಮೊದಲ ಸಲ ಹೋಗುವವರು ಎಡವುವುದು ಇಲ್ಲಿಯೇ. ಏಪ್ರಿಲ್ 1ರಿಂದ ಸೆಪ್ಟೆಂಬರ್ 28ರವರೆಗೆ ಎಣಿಸಿದರೆ 181 ದಿನ. ಸೆಪ್ಟೆಂಬರ್ 28ರೊಳಗೆ ಕೆಲಸಕ್ಕೆಂದು ವಿಮಾನ ಹತ್ತಿದವನು, ನಡುವೆ ಊರಿಗೆ ಬಾರದಿದ್ದರೆ, ಆ ವರ್ಷವೇ ಎನ್‌ಆರ್‌ಐ. ಅಕ್ಟೋಬರ್‌ನಲ್ಲಿ ಹೋದವನು ಆ ವರ್ಷಕ್ಕೆ ಇಲ್ಲಿನ ನಿವಾಸಿಯೇ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಅವನು ದುಬೈಯಲ್ಲಿ ಪಡೆದ ಸಂಬಳವೂ ಇಲ್ಲಿನ ಲೆಕ್ಕಕ್ಕೆ ಬರುತ್ತದೆ. ಸಣ್ಣ ಸಂಬಳದವರನ್ನು, 12 ಲಕ್ಷದವರೆಗಿನ ಆದಾಯಕ್ಕೆ ನಿವಾಸಿಗಳಿಗೆ ಸಿಗುವ ತೆರಿಗೆ ರಿಯಾಯಿತಿ ಕಾಪಾಡುತ್ತದೆ. ಆದರೆ ತಿಂಗಳಿಗೆ 15,000 ದಿರ್ಹಮ್ ಪಡೆಯುವ ಇಂಜಿನಿಯರ್‌ಗೆ ಆರು ತಿಂಗಳ ಸಂಬಳವೇ 20 ಲಕ್ಷ ರೂಪಾಯಿ ದಾಟುತ್ತದೆ. ಅವನು ತೆರಿಗೆ ಕಟ್ಟಲೇಬೇಕು. ಎರಡು ವಾರ ಮೊದಲು ಹೊರಟಿದ್ದರೆ ಬೇಕಾಗುತ್ತಿರಲಿಲ್ಲ.

ಉಪ್ಪಳದ ಅಂಗಡಿ ಬಾಡಿಗೆ

ಎನ್‌ಆರ್‌ಐ ಆದ ಮೇಲೆ ಹೊರಗಿನ ಸಂಬಳ ಬಿಟ್ಟಿತು ಸರಿ. ಊರಿನ ಆದಾಯ ಬಿಡುವುದಿಲ್ಲ. ನಿಜವಾದ ತಲೆನೋವು ಶುರುವಾಗುವುದು ಇಲ್ಲಿಂದ.

ಗಲ್ಫ್ ದುಡಿಮೆಯಲ್ಲಿ ಉಪ್ಪಳ ಪೇಟೆಯಲ್ಲೊಂದು ಕಟ್ಟಡ ಕಟ್ಟಿಸಿ, ತಿಂಗಳಿಗೆ 50,000 ರೂಪಾಯಿ ಬಾಡಿಗೆಗೆ ಕೊಟ್ಟಿದ್ದೀರಿ ಎಂದುಕೊಳ್ಳಿ. ವರ್ಷಕ್ಕೆ 6 ಲಕ್ಷ. ಮಾಲೀಕ ಊರಿನಲ್ಲೇ ಇರುವವನಾದರೆ, ತಿಂಗಳ ಬಾಡಿಗೆ 50,000 ದಾಟಿದರೆ ಮಾತ್ರ ಬಾಡಿಗೆದಾರ ಟಿಡಿಎಸ್, ಅಂದರೆ ಬಾಡಿಗೆ ಕೊಡುವಾಗಲೇ ಕಡಿದು ಸರಕಾರಕ್ಕೆ ಕಟ್ಟುವ ತೆರಿಗೆ, ಹಿಡಿಯಬೇಕು. ಮಾಲೀಕ ಎನ್‌ಆರ್‌ಐ ಆದರೆ ಆ ಮಿತಿಯೇ ಇಲ್ಲ. ಮೊದಲ ರೂಪಾಯಿಯಿಂದಲೇ 30 ಶೇಕಡಾ, ಅದರ ಮೇಲೆ 4 ಶೇಕಡಾ ಸೆಸ್, ಒಟ್ಟು 31.2 ಶೇಕಡಾ ಹಿಡಿಯಬೇಕು. ಅಂದರೆ ತಿಂಗಳಿಗೆ 15,600 ರೂಪಾಯಿ, ವರ್ಷಕ್ಕೆ 1,87,200.

ಈಗ ಮಾಲೀಕ ನಿಜವಾಗಿ ಕೊಡಬೇಕಾದ ತೆರಿಗೆ ಎಷ್ಟು ನೋಡಿ. ಬಾಡಿಗೆಯಲ್ಲಿ 30 ಶೇಕಡಾ ಸೀದಾ ಕಳೆಯಬಹುದು. ಉಳಿದದ್ದು 4,20,000. ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ. ಬಾಕಿ 20,000ಕ್ಕೆ 5 ಶೇಕಡಾ, ಸೆಸ್ ಸೇರಿ 1,040 ರೂಪಾಯಿ. ಬೇರೆ ಆದಾಯ ಇಲ್ಲದಿದ್ದರೆ ಇಷ್ಟೇ. ಕೊಡಬೇಕಾದದ್ದು ಸಾವಿರ ಚಿಲ್ಲರೆ, ಹಿಡಿದದ್ದು ಎರಡು ಲಕ್ಷದ ಹತ್ತಿರ! ಉಳಿದದ್ದು ವಾಪಸ್ ಬರಬೇಕಾದರೆ ರಿಟರ್ನ್ ಹಾಕಲೇಬೇಕು. "ನಾನು ಗಲ್ಫ್‌ನಲ್ಲಿದ್ದೇನೆ, ನನಗ್ಯಾಕೆ ರಿಟರ್ನ್" ಎಂದು ಕೂತರೆ ಆ ಹಣ ಸರಕಾರದ ಬಳಿಯೇ ಉಳಿಯುತ್ತದೆ. ಪ್ರತಿ ವರ್ಷ ಈ ಪರದಾಟ ಬೇಡ ಎನ್ನುವವರು ಕಡಿಮೆ ದರದಲ್ಲಿ ಹಿಡಿಯಲು ಇಲಾಖೆಗೆ ಮೊದಲೇ ಅರ್ಜಿ ಹಾಕಿ ಪ್ರಮಾಣಪತ್ರ ಪಡೆಯಬಹುದು.

ಸಣ್ಣ ಪೇಟೆಗಳಲ್ಲಿ ಎಷ್ಟೋ ಬಾಡಿಗೆದಾರರಿಗೆ ಈ ನಿಯಮದ ಸುದ್ದಿಯೇ ಇಲ್ಲ. ಬಾಡಿಗೆ ಪೂರ್ತಿ ಕೊಡುತ್ತಾರೆ. ನೋಟೀಸು ಬಂದಾಗ ಮೊದಲು ಸಿಕ್ಕಿಬೀಳುವುದು ಮಾಲೀಕನಲ್ಲ, ತೆರಿಗೆ ಹಿಡಿಯದ ಬಾಡಿಗೆದಾರ. ಮೊಬೈಲ್ ಅಂಗಡಿ ಇಟ್ಟುಕೊಂಡವನ ಮೇಲೆ ಇಷ್ಟು ಜವಾಬ್ದಾರಿ ಹೊರಿಸುವುದು ನ್ಯಾಯವೇ ಎಂದು ಕೇಳಿದರೆ ತಪ್ಪಿಲ್ಲ. ಮಾಲೀಕ ಹೊರದೇಶದಲ್ಲಿದ್ದರೆ ಆಮೇಲೆ ವಸೂಲಿ ಕಷ್ಟ, ಅದಕ್ಕೇ ಇಲ್ಲೇ ಹಿಡಿಯಬೇಕು ಎಂಬುದು ಸರಕಾರದ ವಾದ. ವಾದದಲ್ಲಿ ಹುರುಳಿದೆ. ಆದರೆ ಸಾವಿರ ರೂಪಾಯಿ ತೆರಿಗೆಗೆ ಎರಡು ಲಕ್ಷ ಹಿಡಿಯುವುದು ಅತಿಯಾಯಿತು.

ಇನ್ನೊಂದು ಗೊಂದಲ. "12 ಲಕ್ಷದವರೆಗೆ ತೆರಿಗೆ ಇಲ್ಲ" ಎಂಬ 2025ರ ಬಜೆಟ್ ಸುದ್ದಿ ಎಲ್ಲರ ಕಿವಿಗೂ ಬಿದ್ದಿದೆ. ಅದು ರಿಯಾಯಿತಿ, ಮತ್ತು ಇಲ್ಲಿನ ನಿವಾಸಿಗಳಿಗೆ ಮಾತ್ರ. ಎನ್‌ಆರ್‌ಐಗೆ ಸಿಗುವುದಿಲ್ಲ. ಅವರಿಗೆ 4 ಲಕ್ಷ ದಾಟಿದ ಕೂಡಲೇ ತೆರಿಗೆ ಶುರು.

ಹಳೆಯ ಬ್ಯಾಂಕ್ ಪಾಸ್‌ಬುಕ್

ಹೊರದೇಶಕ್ಕೆ ಕೆಲಸಕ್ಕೆ ಹೋದವರು ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಅನೇಕರು ಬದಲಿಸುವುದಿಲ್ಲ, ಯಾಕೆಂದರೆ ಎನ್‌ಆರ್‌ಒ ಬಡ್ಡಿಗೂ 31.2 ಶೇಕಡಾ ಕಡಿತ. ಆದರೆ ಹೊರಗಿಂದ ಕಳಿಸುವ ಹಣವನ್ನು ಎನ್‌ಆರ್‌ಇ ಖಾತೆಗೆ ಹಾಕಿದರೆ ಅದರ ಬಡ್ಡಿಗೆ ಇಲ್ಲಿ ತೆರಿಗೆಯೇ ಇಲ್ಲ. ಬಾಡಿಗೆ, ಅಡಿಕೆ ಮಾರಿದ ಹಣದಂಥ ಊರಿನ ಆದಾಯ ಎನ್‌ಆರ್‌ಒಗೆ, ಗಲ್ಫ್‌ನ ಸಂಬಳ ಎನ್‌ಆರ್‌ಇಗೆ. ಎರಡು ಖಾತೆ ಬೇರೆ ಇಟ್ಟುಕೊಂಡರೆ ಅರ್ಧ ತೊಂದರೆ ಮುಗಿಯಿತು. ಯುಎಇಯಲ್ಲಿರುವವರು ಅಲ್ಲಿನ ತೆರಿಗೆ ನಿವಾಸ ಪ್ರಮಾಣಪತ್ರ ತಂದು ಬ್ಯಾಂಕಿಗೆ ಕೊಟ್ಟರೆ, ಎರಡು ದೇಶಗಳ ಒಪ್ಪಂದದಂತೆ ಎನ್‌ಆರ್‌ಒ ಬಡ್ಡಿಯ ಕಡಿತ 12.5 ಶೇಕಡಾಕ್ಕೆ ಇಳಿಯುತ್ತದೆ.

ಹೆಂಡತಿಯ ಖಾತೆಗೆ ಕಳಿಸುವ ಹಣಕ್ಕೆ ತೆರಿಗೆ ಇಲ್ಲ. ಅದೇ ಹಣವನ್ನು ಅವರ ಹೆಸರಿನಲ್ಲಿ ಎಫ್‌ಡಿ ಇಟ್ಟರೆ, ಬಡ್ಡಿ ಮಾತ್ರ ಗಂಡನ ಆದಾಯಕ್ಕೆ ಸೇರುತ್ತದೆ.

ಬೀಗ ಹಾಕಿದ ಮನೆ

ಮನೆಯಲ್ಲಿ ಯಾರೂ ಇಲ್ಲದಿದ್ದರೂ ತೆರಿಗೆ ನಿಲ್ಲುವುದಿಲ್ಲ. ಜಾಗದ ತೀರ್ವೆ (ಭೂಕಂದಾಯ) ವಿಲೇಜ್ ಆಫೀಸಿಗೆ, ಕಟ್ಟಡದ ವಾರ್ಷಿಕ ತೆರಿಗೆ ಪಂಚಾಯತಿಗೆ. ಪಂಚಾಯತಿಯದ್ದು 2023ರಿಂದ ವರ್ಷಕ್ಕೆ 5 ಶೇಕಡಾದಂತೆ ಏರುತ್ತಿದೆ. ಮನೆ 278.7 ಚದರ ಮೀಟರ್, ಅಂದರೆ ಸುಮಾರು 3,000 ಚದರ ಅಡಿ ದಾಟಿದರೆ ಕಂದಾಯ ಇಲಾಖೆಗೆ ಪ್ರತಿ ವರ್ಷ ಬೇರೆಯೇ ತೆರಿಗೆ. ಹೆದ್ದಾರಿ ಬದಿಯ ಎಷ್ಟೋ ಗಲ್ಫ್ ಮನೆಗಳು ಆ ಅಳತೆಯವೇ. ಕೇರಳದ 2023ರ ಬಜೆಟ್‌ನಲ್ಲಿ ಬೀಗ ಹಾಕಿದ ಮನೆಗಳಿಗೂ ಹೆಚ್ಚುವರಿ ತೆರಿಗೆ ಎಂದು ಹಣಕಾಸು ಸಚಿವ ಕೆ.ಎನ್. ಬಾಲಗೋಪಾಲ್ ಪ್ರಕಟಿಸಿದ್ದರು. ವಿರೋಧ ಜೋರಾಗಿ ಅದನ್ನು ಕೈಬಿಟ್ಟರು. ನೋಟೀಸು ಮಲಯಾಳದಲ್ಲಿದ್ದು, ಮನೆಯಲ್ಲಿರುವ ಹಿರಿಯರು ಕನ್ನಡ ಮಾತ್ರ ಓದುವವರಾದರೆ ಬಾಕಿ ಬೆಳೆಯುತ್ತಾ ಹೋಗುತ್ತದೆ. ರಜೆಗೆ ಬಂದಾಗ ಒಮ್ಮೆ ಸರಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರಕ್ಕೆ ಹೋಗಿ ಮೂರೂ ಬಾಕಿ ನೋಡಿಸಿಕೊಳ್ಳುವುದು ಒಳ್ಳೆಯದು.

ಯುರೋಪಿಗೆ ಹೊರಟವರಿಗೆ

ಈಗ ನರ್ಸಿಂಗ್ ಕಲಿತವರು ಬ್ರಿಟನ್, ಜರ್ಮನಿಗೂ ಹೋಗುತ್ತಿದ್ದಾರೆ. ಅಲ್ಲಿ ಲೆಕ್ಕ ಪೂರಾ ಉಲ್ಟಾ. ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಕತ್ತರಿಸಿರುತ್ತಾರೆ. ಬ್ರಿಟನ್‌ನಲ್ಲಿ ವರ್ಷಕ್ಕೆ 12,570 ಪೌಂಡ್‌ವರೆಗೆ ಆದಾಯ ತೆರಿಗೆ ಇಲ್ಲ, ಆಮೇಲೆ 20 ಶೇಕಡಾದಿಂದ ಶುರು. ನ್ಯಾಷನಲ್ ಇನ್ಶೂರೆನ್ಸ್ ಎಂಬ ಸಾಮಾಜಿಕ ಭದ್ರತೆಯ ಕಡಿತ ಬೇರೆ. ನಮ್ಮವರಿಗೆ ಅಚ್ಚರಿಯಾಗುವುದು ಕೌನ್ಸಿಲ್ ಟ್ಯಾಕ್ಸ್. ಇಲ್ಲಿ ಮನೆ ತೆರಿಗೆ ಮಾಲೀಕನದ್ದು, ಅಲ್ಲಿ ಸಾಮಾನ್ಯವಾಗಿ ಬಾಡಿಗೆಗೆ ಇರುವವನದ್ದು. ಜರ್ಮನಿಯಲ್ಲಿ ವಿಳಾಸ ನೋಂದಾಯಿಸುವಾಗ ಧರ್ಮ ಕೇಳುತ್ತಾರೆ. ಕ್ಯಾಥೊಲಿಕ್ ಎಂದು ಬರೆದರೆ ಆದಾಯ ತೆರಿಗೆಯ ಮೇಲೆ 8 ಅಥವಾ 9 ಶೇಕಡಾ ಚರ್ಚ್ ತೆರಿಗೆ ಸೇರುತ್ತದೆ. ಟಿವಿ ಇಲ್ಲದಿದ್ದರೂ ಮನೆಗೊಂದು ಪ್ರಸಾರ ಶುಲ್ಕ ಇದೆ, ತಿಂಗಳಿಗೆ 18.36 ಯೂರೋ.

ಕ್ಯಾನ್ಸಲ್ ಮಾಡಿ ಬರುವ ವರ್ಷ

ವೀಸಾ ಕ್ಯಾನ್ಸಲ್ ಮಾಡಿ ಊರಿಗೇ ಬರುವವರು ಮೊದಲು ಎದುರಿಸುವುದು ಕಸ್ಟಮ್ಸ್. ಒಂದು ವರ್ಷಕ್ಕಿಂತ ಜಾಸ್ತಿ ಹೊರಗಿದ್ದವರು ಹೆಂಗಸರಾದರೆ 40 ಗ್ರಾಂ, ಗಂಡಸರಾದರೆ 20 ಗ್ರಾಂ ಚಿನ್ನದ ಆಭರಣ ಸುಂಕವಿಲ್ಲದೆ ತರಬಹುದು. ಮೊದಲು ಇದಕ್ಕೆ ಬೆಲೆಯ ಮಿತಿಯೂ ಇತ್ತು: 1 ಲಕ್ಷ ಮತ್ತು 50,000 ರೂಪಾಯಿ. ಚಿನ್ನದ ಬೆಲೆ ಗ್ರಾಮಿಗೆ ಹತ್ತು ಸಾವಿರ ದಾಟಿದ ಮೇಲೆ ಆ ಮಿತಿಗೆ ಅರ್ಥವೇ ಇರಲಿಲ್ಲ. 2026ರ ಫೆಬ್ರವರಿಯ ಹೊಸ ನಿಯಮದಲ್ಲಿ ಬೆಲೆಯ ಮಿತಿ ತೆಗೆದು ತೂಕ ಮಾತ್ರ ಉಳಿಸಿದ್ದಾರೆ. ಚಿನ್ನದ ಬಿಸ್ಕತ್ತು, ನಾಣ್ಯಕ್ಕೆ ಈ ರಿಯಾಯಿತಿ ಇಲ್ಲ.

ಆಮೇಲೆ ಆದಾಯದ ಲೆಕ್ಕ. ಹದಿನೈದು ವರ್ಷ ಗಲ್ಫ್‌ನಲ್ಲಿದ್ದು ಜೂನ್‌ನಲ್ಲಿ ಬಂದವನು ಆ ವರ್ಷ 182 ದಿನ ದಾಟಿಸಿ ನಿವಾಸಿಯಾಗುತ್ತಾನೆ. ಏಪ್ರಿಲ್, ಮೇ ತಿಂಗಳ ಗಲ್ಫ್ ಸಂಬಳಕ್ಕೂ ತೆರಿಗೆಯೇ ಎಂದು ಗಾಬರಿ ಬೇಡ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವನಿಗೆ ನಿವಾಸಿ ಮತ್ತು ಅನಿವಾಸಿಯ ನಡುವಿನ ಒಂದು ಸ್ಥಾನ ಸಿಗುತ್ತದೆ. ಸಾಮಾನ್ಯವಾಗಿ ಎರಡು-ಮೂರು ವರ್ಷ ಅದು ಉಳಿಯುತ್ತದೆ. ಅಷ್ಟರವರೆಗೆ ಹೊರದೇಶದಲ್ಲಿ ದುಡಿದು ಅಲ್ಲೇ ಪಡೆದ ಹಣಕ್ಕೆ ಇಲ್ಲಿ ತೆರಿಗೆ ಇಲ್ಲ.

ಆದರೆ ಎನ್‌ಆರ್‌ಇ ಎಫ್‌ಡಿಗೆ ಆ ರಕ್ಷಣೆ ಇಲ್ಲ. ಊರಲ್ಲೇ ನಿಲ್ಲಲು ಬಂದ ದಿನದಿಂದ ಅದರ ಬಡ್ಡಿಗೆ ತೆರಿಗೆ ಇದೆ. ಬ್ಯಾಂಕಿಗೆ ಹೇಳಿ ಅದನ್ನು ಸಾಮಾನ್ಯ ಖಾತೆಗೋ, ಆರ್‌ಎಫ್‌ಸಿ ಎಂಬ ವಿದೇಶಿ ಹಣದ ಖಾತೆಗೋ ಬದಲಿಸಬೇಕು. ಆರ್‌ಎಫ್‌ಸಿಯಲ್ಲಿ ಹಾಕಿದರೆ, ಆ ನಡುವಿನ ಎರಡು-ಮೂರು ವರ್ಷದ ಬಡ್ಡಿಗೂ ತೆರಿಗೆ ಇರುವುದಿಲ್ಲ. ಬ್ಯಾಂಕಿನವರು ತಾವಾಗಿ ಇದನ್ನು ಹೇಳುವುದು ಕಡಿಮೆ. ನೀವೇ ಹೋಗಿ ಕೇಳಬೇಕು.